ಕಾಲ ನೋಡಿ ಬೀಜ, ಬೀಜ ನೋಡಿ ಕಾಲ: ಜೋಳದ ಬಿತ್ತನೆ ಬಗ್ಗೆ ನಾಲ್ಕು ಮಾತು

(ಕಾನಹೊಸಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



 

ಪ್ರತಿ ಸಭೆಯಲ್ಲೂ ನಾವು ಉಳಿತಾಯ, ಸಾಲ, ಬಡ್ಡಿ, ಕಂತು ಇವುಗಳ ಬಗ್ಗೆ ಮಾತಾಡುತ್ತೇವೆ. ಇವತ್ತು ಜೋಳದ ಬಗ್ಗೆ ಮಾತಾಡೋಣ. ಸಂಘದ ಸಭೆಗೂ ಜೋಳಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ನಮ್ಮ ನಡವಳಿ ಪುಸ್ತಕ ತೆಗೆದು ನೋಡಿ. ಸಾಲದ ಉದ್ದೇಶ ಅನ್ನುವ ಕಡೆ ಎಷ್ಟು ಸಲ ‘ಬೀಜ, ಗೊಬ್ಬರ’ ಅಂತ ಬರೆದಿದ್ದೇವೆ! ವಾರ ವಾರ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಕೂಡಿಸಿದ ದುಡ್ಡು ಕೊನೆಗೆ ಹೋಗಿ ಸೇರುವುದು ಹೊಲದ ಸಾಲಿಗೆ. ಅದು ಮರಳಿ ಮನೆಗೆ ಬರುತ್ತದೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ಯಾವ ಬೀಜ ಬಿತ್ತಿದೆವು. ಎರಡು, ಯಾವಾಗ ಬಿತ್ತಿದೆವು. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಮೋಸ ಹೋಗುತ್ತೇವೆ. ಎತ್ತಿನ ಜೋಡಿ ಇದ್ದ ಹಾಗೆ, ಎರಡೂ ಒಂದೇ ನೊಗದಲ್ಲಿ ನಡೆಯಬೇಕು.

ಒಂದೇ ಬೀಜ, ಎರಡು ಫಲ

ನಮ್ಮದೇ ಒಂದು ಸಂಘದಲ್ಲಿ ನಡೆದ ಸಂಗತಿ ಹೇಳುತ್ತೇವೆ. ಹೆಸರು ಬೇಡ. ಇಬ್ಬರು ಅಕ್ಕಂದಿರು, ಇಬ್ಬರದೂ ಎರೆ ಹೊಲ, ನಡುವೆ ಒಂದೇ ಬದು. ಇಬ್ಬರೂ ಹಿಂಗಾರಿಗೆ ಬಿಳಿಜೋಳ ಬಿತ್ತಲು ಸಾಲ ಕೇಳಿದರು. ಬೀಜವೂ ಒಂದೇ ಕಡೆಯದು, ಒಂದೇ ತಳಿ. ಮೊದಲನೆಯವರಿಗೆ ಸಾಲ ಬೇಗ ಸಿಕ್ಕಿತು, ಉತ್ತರಾ ಮಳೆಯ ಹದಕ್ಕೆ ಕೂರಿಗೆ ಹೂಡಿದರು. ಎರಡನೆಯವರ ಅರ್ಜಿಯನ್ನು ‘ಮುಂದಿನ ಸಭೆಯಲ್ಲಿ ನೋಡೋಣ’ ಅಂತ ನಾವೇ ಮುಂದಕ್ಕೆ ಹಾಕಿದೆವು. ಮುಂದಿನ ಸಭೆಗೆ ಕೋರಂ ಆಗಲಿಲ್ಲ. ಆಮೇಲೆ ಹಬ್ಬ ಬಂತು. ಕೊನೆಗೆ ದುಡ್ಡು ಕೈಗೆ ಬಂದಾಗ ಸ್ವಾತಿ ಮಳೆ ಕಾಲ. ಆ ತಾಯಿ ಬಿತ್ತಿದರು, ಬಿತ್ತದೆ ಏನು ಮಾಡ್ತಾರೆ?

ಮೊದಲಿನ ಹೊಲದಲ್ಲಿ ತೆನೆ ತುಂಬಿ ಬಾಗಿದವು. ಪಕ್ಕದ ಹೊಲದಲ್ಲಿ ತೆನೆ ಏನೋ ಬಂದವು, ಕಾಳು ಜೊಳ್ಳು. ದಂಟು ಬುಡದಲ್ಲಿ ಒಣಗಿ ಒಂದೊಂದಾಗಿ ಮುರಿದು ಬಿದ್ದವು. ಸೊಪ್ಪೆಯೂ ಸರಿಯಾಗಿ ಸಿಗಲಿಲ್ಲ. ಆಮೇಲೆ ಆ ಅಕ್ಕ ಕೂಲಿ ಮಾಡಿ ಸಾಲ ಕಟ್ಟಿದರು. ಒಂದು ಕಂತೂ ತಪ್ಪಿಸಲಿಲ್ಲ. ನಮ್ಮ ವರದಿಯಲ್ಲಿ ‘ಮರುಪಾವತಿ ನೂರಕ್ಕೆ ನೂರು’ ಅಂತಲೇ ಬರೆದೆವು. ಆದರೆ ಆ ನೂರು ಎಲ್ಲಿಂದ ಬಂತು ಅಂತ ವರದಿ ಹೇಳುವುದಿಲ್ಲ. ಅವತ್ತಿನಿಂದ ನಾವು ಒಂದು ಪಾಠ ಕಲಿತೆವು. ಬಿತ್ತನೆ ತಡವಾಗಲು ಯಾವಾಗಲೂ ಮಳೆಯೇ ಕಾರಣ ಅಲ್ಲ, ಕೆಲವು ಸಲ ನಾವೂ ಕಾರಣ.

ಹಿರಿಯರ ಮಾತು, ಅದರ ಹಿಂದಿನ ಕಾರಣ

‘ರೋಹಿಣಿ ಮಳೆ ಬಂದರೆ ಓಣಿ ತುಂಬಾ ಜೋಳ’ ಅಂತ ನಮ್ಮ ಅಜ್ಜಿಯರು ಹೇಳ್ತಿದ್ದರು. ರೋಹಿಣಿ ಮಳೆ ಕೂಡುವುದು ಮೇ ತಿಂಗಳ 25ರ ಸುಮಾರಿಗೆ. ಅಂದರೆ ಮುಂಗಾರು ಜೋಳಕ್ಕೆ ಹದ ಬೇಗ ಸಿಕ್ಕರೆ ಬೆಳೆ ಚೆನ್ನಾಗಿ ಬರುತ್ತದೆ ಅಂತ ಅರ್ಥ. ಇದು ಬರೀ ನಂಬಿಕೆ ಅಲ್ಲ, ಇದರ ಹಿಂದೆ ಒಂದು ನೊಣ ಇದೆ!

ಅದರ ಹೆಸರು ಸುಳಿನೊಣ. ಜೋಳ ಮೊಳೆತು ಒಂದು ವಾರದಿಂದ ನಾಲ್ಕು ವಾರದವರೆಗೆ ಈ ನೊಣ ಎಲೆಯ ಕೆಳಭಾಗದಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ಮರಿಹುಳು ಸುಳಿಯೊಳಗೆ ಇಳಿದು ಬೆಳೆಯುವ ಕುಡಿಯನ್ನೇ ತಿನ್ನುತ್ತದೆ. ನಡುವಿನ ಸುಳಿ ಒಣಗುತ್ತದೆ, ಕೈಯಲ್ಲಿ ಹಿಡಿದು ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ, ಕೊಳೆತ ವಾಸನೆ ಬರುತ್ತದೆ. ನೀವೆಲ್ಲ ಕಳೆ ತೆಗೆಯುವಾಗ ನೋಡಿರುತ್ತೀರಿ. ಒಂದು ತಿಂಗಳು ದಾಟಿದ ಪೈರಿಗೆ ಇದರ ಕಾಟ ಅಷ್ಟಾಗಿ ಇಲ್ಲ.

ಮುಂಗಾರಿನ ಮೊದಲ ಮಳೆಗೆ ಈ ನೊಣ ಕಡಿಮೆ ಇರುತ್ತದೆ. ಮೊದಲು ಬಿತ್ತಿದವರ ಹೊಲದಲ್ಲಿ ಅದು ಮರಿ ಮಾಡಿ ಹೆಚ್ಚುತ್ತದೆ. ಹಾಗೆ ಹೆಚ್ಚಿದ ನೊಣ ತಡವಾಗಿ ಬಿತ್ತಿದವರ ಎಳೆ ಪೈರಿಗೆ ಮುತ್ತುತ್ತದೆ. ಅದಕ್ಕೇ ಮುಂಗಾರು ಜೋಳವನ್ನು ಜೂನ್ ತಿಂಗಳಲ್ಲಿ, ತಡ ಅಂದರೆ ಜುಲೈ ಮಧ್ಯದೊಳಗೆ ಬಿತ್ತಬೇಕು. ಊರಿನವರೆಲ್ಲ ಒಂದೇ ವಾರ, ಹತ್ತು ದಿನದೊಳಗೆ ಬಿತ್ತಿದರೆ ಎಲ್ಲರಿಗೂ ಒಳ್ಳೆಯದು. ಒಬ್ಬರು ಇವತ್ತು, ಇನ್ನೊಬ್ಬರು ತಿಂಗಳ ಮೇಲೆ ಬಿತ್ತಿದರೆ ನೊಣಕ್ಕೆ ಊಟ ಹಾಕಿದಂತೆ. ತಡವಾಗಿ ಬಿತ್ತಲೇಬೇಕಾದರೆ ಬೀಜವನ್ನು ಸ್ವಲ್ಪ ಹೆಚ್ಚು ಹಾಕಿ, ಸುಳಿ ಸತ್ತ ಸಸಿಗಳನ್ನು ಕಿತ್ತು ಹೊಲದಿಂದ ಹೊರಗೆ ಹಾಕಬೇಕು.

ಹಾಗಂತ ಮುಂಗಾರಿಯಲ್ಲಿ ಬೇಗ ಬಿತ್ತುವುದಕ್ಕೂ ಒಂದು ತೊಂದರೆ ಇದೆ. ನಮ್ಮ ಭಾಗದಲ್ಲಿ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ ಮಧ್ಯದಲ್ಲಿ ಬಿತ್ತಿದ 105 ದಿನದ ಹೈಬ್ರಿಡ್ ಸೆಪ್ಟೆಂಬರ್ ಕೊನೆಗೆ ಕಾಳು ಕಟ್ಟಿ ನಿಂತಿರುತ್ತದೆ. ಆಗ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ರೊಟ್ಟಿಗೆ ಬರುವುದಿಲ್ಲ, ಸಂತೆಯಲ್ಲಿ ಬೆಲೆ ಸಿಗುವುದಿಲ್ಲ. ಇದಕ್ಕೆ ಏನು ಮಾಡಬೇಕು? ಕಾಳು ಬಿಡಿಸಿ ಅದರ ಬುಡ ನೋಡಿ. ಅಲ್ಲಿ ಕಪ್ಪು ಚುಕ್ಕೆ ಮೂಡಿದ್ದರೆ ಕಾಳು ಬಲಿತಿದೆ ಅಂತ ಅರ್ಥ. ಇನ್ನು ಹೊಲದಲ್ಲಿ ಬಿಟ್ಟರೆ ತೂಕ ಹೆಚ್ಚುವುದಿಲ್ಲ. ಮಳೆ ಬಿಡುವು ಕೊಟ್ಟ ದಿನ ತೆನೆ ಕೊಯ್ದು ಒಣಗಿಸಿಬಿಡಬೇಕು.

ಹೊಲ ಒಂದು ಪಾತ್ರೆ ಇದ್ದ ಹಾಗೆ

ಈಗ ಹಿಂಗಾರಿಗೆ ಬರೋಣ. ಕೂಡ್ಲಿಗಿ ತಾಲೂಕಿನಲ್ಲಿ ಮಸಾರಿ ಭೂಮಿಯೇ ಜಾಸ್ತಿ. ಹಗರಿಬೊಮ್ಮನಹಳ್ಳಿ, ಹಡಗಲಿ, ಕೊಟ್ಟೂರು, ಹರಪನಹಳ್ಳಿ ಕಡೆ ಹೋದರೆ ಎರೆ ಹೊಲ ಸಿಗುತ್ತವೆ. ಬಹಳ ಊರುಗಳಲ್ಲಿ ಎರಡೂ ಇವೆ. ಹಿಂಗಾರು ಬಿಳಿಜೋಳ ಮಳೆ ನೀರು ಕುಡಿದು ಬೆಳೆಯುವುದಕ್ಕಿಂತ ಮಣ್ಣಿನೊಳಗೆ ಉಳಿದ ತೇವ ಕುಡಿದು ಬೆಳೆಯುವುದೇ ಹೆಚ್ಚು. ಆದ್ದರಿಂದ ಮಣ್ಣಿನಲ್ಲಿ ತೇವ ಎಷ್ಟು ಹಿಡಿಯುತ್ತದೆ ಅನ್ನುವುದೇ ಮುಖ್ಯ.

ಆಳವಾದ ಎರೆ ಹೊಲ ಒಂದು ಗುಡಾಣ ಇದ್ದಂತೆ. ಮೂರಡಿ ಮಣ್ಣು ತೇವ ಹಿಡಿದರೆ ತಿಂಗಳುಗಟ್ಟಲೆ ಬರುತ್ತದೆ. ಒಂದಡಿ ಕೆಳಗೆ ಗರಸು ಸಿಗುವ ಹೊಲ ಚೊಂಬು ಇದ್ದಂತೆ. ಎಷ್ಟೇ ಮಳೆ ಸುರಿದರೂ ಚೊಂಬಿನಲ್ಲಿ ಹಿಡಿಯುವುದು ಚೊಂಬಿನಷ್ಟೇ, ಉಳಿದದ್ದು ಹರಿದು ಹೋಗುತ್ತದೆ. ಗುಡಾಣದ ಹೊಲಕ್ಕೆ 120 ದಿನದ ತಳಿ ಸರಿ. ಚೊಂಬಿನ ಹೊಲಕ್ಕೆ ಅದೇ ತಳಿ ಬಿತ್ತಿದರೆ ಕಾಳು ಕಟ್ಟುವ ಹೊತ್ತಿಗೆ ಚೊಂಬು ಬರಿದಾಗಿರುತ್ತದೆ. ನಿಮ್ಮ ಹೊಲ ಗುಡಾಣವೋ ಚೊಂಬೋ ತಿಳಿಯಲು ವಿಜ್ಞಾನಿ ಬೇಕಾಗಿಲ್ಲ. ಬಿತ್ತುವ ಮೊದಲು ಹೊಲದ ಎರಡು ಮೂರು ಕಡೆ ಸಲಿಕೆಯಲ್ಲಿ ಗುಂಡಿ ತೋಡಿ, ಮಣ್ಣು ಎಷ್ಟು ಆಳ ಇದೆ, ತೇವ ಎಷ್ಟು ಆಳ ಇಳಿದಿದೆ ನೋಡಿ.

ಬಿಳಿಜೋಳದ ದಿನಗಳ ಲೆಕ್ಕ

ಸಂಘದ ಬಡ್ಡಿ ಲೆಕ್ಕ ಮಾಡಲು ಕಲಿತ ನಮಗೆ ಬೆಳೆಯ ದಿನದ ಲೆಕ್ಕ ಏನು ಕಷ್ಟ? ನಮ್ಮ ಭಾಗದಲ್ಲಿ ಹೆಚ್ಚು ಬಿತ್ತುವ ಬಿಳಿಜೋಳ ಎಂ 35-1, ಅದನ್ನೇ ಮಾಲದಂಡಿ ಅಂತಲೂ ಕರೆಯುತ್ತಾರೆ. ಅದು ಸುಮಾರು 120 ದಿನದ ಬೆಳೆ. ಬಿತ್ತಿದ 70-75 ದಿನಕ್ಕೆ ಹೂವಾಡುತ್ತದೆ, ಆಮೇಲೆ 40-45 ದಿನ ಕಾಳು ತುಂಬುತ್ತದೆ. ತೆನೆಗೆ ನೀರು ಬಹಳ ಬೇಕಾಗುವುದು ಹೂವಾಡುವ ಮತ್ತು ಕಾಳು ತುಂಬುವ ಈ ಕಾಲದಲ್ಲೇ.

ಈಗ ಎಣಿಸೋಣ. ಸೆಪ್ಟೆಂಬರ್ 25ಕ್ಕೆ ಬಿತ್ತಿದರೆ ಡಿಸೆಂಬರ್ ಮೊದಲ ವಾರ ಹೂವು, ಜನವರಿ ಕೊನೆಗೆ ಕೊಯ್ಲು. ಅಕ್ಟೋಬರ್ ಮಳೆಯ ತೇವ ಇನ್ನೂ ಮಣ್ಣಿನಲ್ಲಿ ಇರುತ್ತದೆ, ಚಳಿಯಲ್ಲಿ ತೇವ ಆರುವುದೂ ನಿಧಾನ. ಅದೇ ಬೀಜ ನವೆಂಬರ್ 5ಕ್ಕೆ ಬಿತ್ತಿದರೆ? ಹೂವು ಜನವರಿ ಮಧ್ಯಕ್ಕೆ, ಕೊಯ್ಲು ಮಾರ್ಚ್‌ಗೆ. ಅಷ್ಟರಲ್ಲಿ ಮಳೆ ನಿಂತು ಎರಡು ತಿಂಗಳು ದಾಟಿರುತ್ತದೆ, ಎರೆ ಬಿರುಕು ಬಿಟ್ಟಿರುತ್ತದೆ, ಬಿಸಿಲು ಏರಿರುತ್ತದೆ. ಬುಡಕ್ಕೆ ನೀರಿಲ್ಲದೆ ಸೊರಗಿದ ದಂಟಿಗೆ ಮಣ್ಣಿನಲ್ಲಿರುವ ಶಿಲೀಂಧ್ರ ಹೊಕ್ಕು ಒಳಗೆ ಇದ್ದಿಲಿನ ಹಾಗೆ ಕಪ್ಪಾಗುತ್ತದೆ, ದಂಟು ಮುರಿದು ಬೀಳುತ್ತದೆ. ಇದನ್ನು ಕಾಂಡ ಕಪ್ಪು ಕೊಳೆ ರೋಗ ಅನ್ನುತ್ತಾರೆ. ನಾವು ಮೊದಲು ಹೇಳಿದ ಆ ಅಕ್ಕನ ಹೊಲದಲ್ಲಿ ಆದದ್ದು ಇದೇ.

ಹಾಗಾದರೆ ಸೆಪ್ಟೆಂಬರ್ ಮೊದಲ ವಾರವೇ ಬಿತ್ತಿಬಿಡೋಣ ಅಂದರೆ, ಆಗ ಸುಳಿನೊಣ ಜಾಸ್ತಿ. ಆಳವಾದ ಎರೆಗೆ ಅಷ್ಟು ಅವಸರ ಬೇಕಾಗಿಲ್ಲ. ಆದ್ದರಿಂದ ನೆನಪಿಡಬೇಕಾದದ್ದು ಇಷ್ಟು:

1. ತೆಳು ಮಣ್ಣಿನ ಹೊಲ: ಸೆಪ್ಟೆಂಬರ್ ಮೊದಲ ಹದಿನೈದು ದಿನದ ಹದ ಬಿಡಬಾರದು. ಬೀಜೋಪಚಾರ ಮಾಡಿ, ಕಡಿಮೆ ದಿನದ ತಳಿ ಬಿತ್ತಬೇಕು.
2. ಮಧ್ಯಮ ಆಳದ ಹೊಲ: ಉತ್ತರಾ ಮಳೆ ಕಾಲ, ಅಂದರೆ ಸುಮಾರು ಸೆಪ್ಟೆಂಬರ್ 13ರಿಂದ 26.
3. ಆಳವಾದ ಎರೆ: ಉತ್ತರಾ ಕೊನೆಯಿಂದ ಹಸ್ತಾ ಮುಗಿಯುವವರೆಗೆ, ತಡ ಅಂದರೆ ಅಕ್ಟೋಬರ್ ಮಧ್ಯ.
4. ಚಿತ್ತಾ ಮಳೆ ಅರ್ಧ ಕಳೆಯಿತು, ಇನ್ನೂ ಬಿತ್ತಿಲ್ಲ ಅಂದರೆ ಜೋಳದ ಆಸೆ ಬಿಡಿ. ಎರೆಯಲ್ಲಿ ತೇವ ಇದ್ದರೆ ಕಡಲೆ ಬಿತ್ತಿ. ಜೆ.ಜಿ. 11 ಕಡಲೆ 90-100 ದಿನಕ್ಕೆ ಬರುತ್ತದೆ, ಚಳಿಗೆ ಒಗ್ಗುತ್ತದೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ರಾಜಸ್ಥಾನ, ಉತ್ತರ ಪ್ರದೇಶದ ಕಡೆ ಚಳಿಗಾಲಕ್ಕೆ ಬಾರ್ಲಿ ಬೆಳೆಯುತ್ತಾರೆ. ಅಲ್ಲಿಯೂ ಹೀಗೇ. ನವೆಂಬರ್‌ನಲ್ಲಿ ಬಿತ್ತಿದವರ ಕಾಳು ತುಂಬುತ್ತದೆ. ಡಿಸೆಂಬರ್‌ಗೆ ಜಾರಿದವರ ಬೆಳೆಗೆ ಮಾರ್ಚ್ ತಿಂಗಳ ಬಿಸಿಗಾಳಿ ಹೊಡೆದು ಕಾಳು ಸಣ್ಣಗಾಗುತ್ತದೆ. ಅದಕ್ಕೇ ಹರಿಯಾಣದ ಕರ್ನಾಲ್‌ನಲ್ಲಿರುವ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆಯವರು ಸಕಾಲಕ್ಕೆ ಬಿತ್ತುವವರಿಗೆ ಒಂದು ತಳಿ, ತಡವಾಗಿ ಬಿತ್ತುವವರಿಗೆ ಬೇರೆ ತಳಿ ಅಂತ ಬೇರೆ ಬೇರೆಯಾಗಿ ಕೊಡುತ್ತಾರೆ.

ಯಾವ ಹೊಲಕ್ಕೆ ಯಾವ ತಳಿ

ಮಾಲದಂಡಿ ಎಲ್ಲಿಂದ ಬಂತು ಗೊತ್ತೇ? ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ, ಅಲ್ಲಿನ ರೈತರು ಬಿತ್ತುತ್ತಿದ್ದ ನಾಟಿ ಜೋಳದಿಂದ ಒಳ್ಳೆಯ ತೆನೆಗಳನ್ನು ಆರಿಸಿ 1930ರ ದಶಕದಲ್ಲಿ ಈ ತಳಿ ಮಾಡಿದರು. ಸುಮಾರು ತೊಂಬತ್ತು ವರ್ಷವಾದರೂ ಇನ್ನೂ ಬಿತ್ತುತ್ತಿದ್ದೇವೆ. ಮುತ್ತಿನಂಥ ದಪ್ಪ ಕಾಳು, ಮೆತ್ತನೆ ರೊಟ್ಟಿ, ದನ ಬಿಡದೆ ತಿನ್ನುವ ಸಿಹಿ ಸೊಪ್ಪೆ. ಇದರಲ್ಲಿ ಹೆಣ್ಣುಮಕ್ಕಳ ಪಾಲೂ ಇದೆ. ರೊಟ್ಟಿ ಬಡಿದು ನೋಡಿ, ತಿಂದು ನೋಡಿ, ಇದೇ ಇರಲಿ ಅಂತ ಬೀಜ ತೆಗೆದಿಟ್ಟವರು ಅವರೇ ಅಲ್ಲವೇ?

ಮುಂಗಾರಿಗೆ ಬೇರೆ ಮಾತು. 1964ರಲ್ಲಿ ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್. 1 ಬಂತು. ಅದರ ಹಿಂದೆ ಸಿ.ಎಸ್.ಎಚ್. 5, ಸಿ.ಎಸ್.ಎಚ್. 14, ಸಿ.ಎಸ್.ಎಚ್. 16 ಹೀಗೆ ಬಂದವು. ಇವು ಮುಂಗಾರಿಗಾಗಿ ಮಾಡಿದ ತಳಿಗಳು. ಗೊಬ್ಬರ, ಮಳೆ ಸರಿಯಾಗಿ ಸಿಕ್ಕರೆ ಇಳುವರಿ ಹೆಚ್ಚು ಕೊಡುತ್ತವೆ, ಸೊಪ್ಪೆ ಮಾತ್ರ ಗಿಡ್ಡ. ಮುಂಗಾರಿ ಹೈಬ್ರಿಡ್ ಬೀಜವನ್ನು ತಂದು ಹಿಂಗಾರಿಯ ಎರೆಯಲ್ಲಿ ಬಿತ್ತಿದರೆ ಒಣ ತಡೆಯುವ ಶಕ್ತಿ ಅದಕ್ಕಿಲ್ಲ. ಹಿಂಗಾರಿ ಮಾಲದಂಡಿಯನ್ನು ಜೂನ್‌ನಲ್ಲಿ ಬಿತ್ತಿದರೂ ತಪ್ಪೇ. ಅದು ಹಗಲು ಚಿಕ್ಕದಾಗುವುದನ್ನು ಕಾಯುವ ಜಾತಿ, ಬರೀ ದಂಟು ಎತ್ತರ ಬೆಳೆದು ನಿಲ್ಲುತ್ತದೆ, ತೆನೆ ತಡ. ಬೀಜ ಕೆಟ್ಟದ್ದಲ್ಲ, ಕಾಲ ಕೆಟ್ಟದ್ದು.

ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡಿ.ಎಸ್.ವಿ. 4 ಎಂಬ ಹಿಂಗಾರಿ ತಳಿ ಕೊಟ್ಟಿದ್ದಾರೆ, ಇದು ಕಾಂಡ ಕಪ್ಪು ಕೊಳೆಯನ್ನು ಸ್ವಲ್ಪ ತಡೆಯುತ್ತದೆ. ವಿಜಯಪುರದ ಸಂಶೋಧನಾ ಕೇಂದ್ರದಿಂದ ಬಂದ ಬಿ.ಜೆ.ವಿ. 44 ಆಳವಾದ ಎರೆಗೆ ಚೆನ್ನಾಗಿ ಹೊಂದುತ್ತದೆ. ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯದವರಂತೂ ಮಣ್ಣಿನ ಆಳ ನೋಡಿಯೇ ತಳಿ ಮಾಡಿದ್ದಾರೆ: ತೆಳು ಮಣ್ಣಿಗೆ ಫುಲೆ ಅನುರಾಧಾ, ಮಧ್ಯಮಕ್ಕೆ ಫುಲೆ ಸುಚಿತ್ರಾ, ಆಳವಾದ ಎರೆಗೆ ಫುಲೆ ವಸುಧಾ. ನೋಡಿ, ಗುಡಾಣಕ್ಕೆ ಒಂದು, ಚೊಂಬಿಗೆ ಒಂದು! ಈ ವರ್ಷ ನಮ್ಮ ಹೋಬಳಿಗೆ ಯಾವ ತಳಿಯ ಬೀಜ ಬಂದಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕೇಳುವಾಗ ‘ಒಳ್ಳೆ ಬೀಜ ಕೊಡಿ’ ಅಂತ ಕೇಳಬೇಡಿ. ‘ನಮ್ಮದು ಒಂದೂವರೆ ಅಡಿ ಎರೆ, ಹಿಂಗಾರಿ ಮಳೆಯಾಶ್ರಿತ, ಎಷ್ಟು ದಿನದ ತಳಿ ಇದೆ?’ ಅಂತ ಕೇಳಿ. ಹೀಗೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಮಳೆಯೇ ತಡವಾದರೆ?

2023 ನೆನಪಿದೆಯಲ್ಲ? ವಿಶ್ವಸಂಸ್ಥೆ ಆ ವರ್ಷವನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತು. ಜೋಳ, ಸಜ್ಜೆ, ನವಣೆ, ರಾಗಿ ಎಲ್ಲಕ್ಕೂ ಸನ್ಮಾನ. ಅದೇ ವರ್ಷ ಮುಂಗಾರು ಕೈಕೊಟ್ಟಿತು. 1901ರಿಂದ ಮಳೆ ಲೆಕ್ಕ ಇಟ್ಟ ಮೇಲೆ ದೇಶಕ್ಕೆ ಅಷ್ಟು ಒಣ ಆಗಸ್ಟ್ ತಿಂಗಳು ಬಂದಿರಲಿಲ್ಲ. ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅಂಥ ವರ್ಷ ಎಷ್ಟು ಒಳ್ಳೆಯ ಬೀಜ ಇದ್ದರೂ ಏನೂ ಮಾಡಲು ಆಗುವುದಿಲ್ಲ, ಅದನ್ನು ಒಪ್ಪಿಕೊಳ್ಳೋಣ. ಆದರೆ ಪ್ರತಿ ವರ್ಷವೂ ಹಾಗಿರುವುದಿಲ್ಲ. ಬಹಳ ವರ್ಷಗಳಲ್ಲಿ ಮಳೆ ಬರುತ್ತದೆ, ನಾವು ಅಂದುಕೊಂಡ ದಿನ ಬರುವುದಿಲ್ಲ ಅಷ್ಟೇ. ಅಂಥ ವರ್ಷಕ್ಕೆ ಮನೆಯಲ್ಲಿ ಎರಡನೇ ಬೀಜ ಸಿದ್ಧ ಇರಬೇಕು.

ಮಸಾರಿಯಲ್ಲಿ ಜುಲೈ ಮಧ್ಯದವರೆಗೆ ಹದ ಸಿಗಲಿಲ್ಲ ಅಂದರೆ ಜೋಳ ಬಿಟ್ಟು 80-90 ದಿನದ ನವಣೆ ಅಥವಾ ಸಜ್ಜೆಗೆ ತಿರುಗಬೇಕು. ಧಾರವಾಡದ ಡಿ.ಎಚ್.ಎಫ್.ಟಿ. 109-3 ನವಣೆ ಒಳ್ಳೆಯ ತಳಿ. ರಾಗಿ ಬಿತ್ತುವವರು ಜುಲೈನಲ್ಲಿ ಹದ ಸಿಕ್ಕರೆ ಜಿ.ಪಿ.ಯು. 28, ಆಗಸ್ಟ್‌ಗೆ ಹೋದರೆ ಅದಕ್ಕಿಂತ ಬೇಗ ಬರುವ ಜಿ.ಪಿ.ಯು. 48 ಬಿತ್ತಬೇಕು. ಅದೂ ತಪ್ಪಿದರೆ ಹುರುಳಿ ಇದ್ದೇ ಇದೆ, ದನಕ್ಕೆ ಹೊಟ್ಟಾದರೂ ಆಗುತ್ತದೆ. ಮೊದಲ ಬೀಜದ ಮೇಲೆ ಹಠ ಹಿಡಿದು ತಡವಾಗಿ ಅದನ್ನೇ ಬಿತ್ತುವುದಕ್ಕಿಂತ ಇದು ಲೇಸು.

ಇನ್ನೊಂದು ಎಚ್ಚರಿಕೆ. ಮಳೆ ಹೋಗಿ ಬಾಡಿ ಗಿಡ್ಡಾದ ಎಳೆ ಜೋಳವನ್ನು ‘ಹೇಗೂ ಕೆಟ್ಟಿತು’ ಅಂತ ದನಕ್ಕೆ ಬಿಡಬೇಡಿ. ಎಳೆಯ ಜೋಳದಲ್ಲಿ, ಅದರಲ್ಲೂ ಒಣಗಿ ಮತ್ತೆ ಚಿಗುರಿದ ಜೋಳದಲ್ಲಿ, ವಿಷದ ಅಂಶ ಇರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ದನ ಸಾಯಬಹುದು. ಬೆಳೆಯೂ ಹೋಗಿ ಸಂಘದ ಸಾಲದಲ್ಲಿ ತಂದ ಎಮ್ಮೆಯೂ ಹೋಗುವುದು ಬೇಡ.

ಬಿತ್ತುವ ಮೊದಲು ಮನೆಯಲ್ಲೇ ಮಾಡುವ ಕೆಲಸ

ಮೊಳಕೆ ಪರೀಕ್ಷೆ: ನೂರು ಕಾಳು ಎಣಿಸಿ ಒದ್ದೆ ಗೋಣಿ ತುಂಡಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ತೇವ ಆರದಂತೆ ನೋಡಿಕೊಳ್ಳಿ. ನಾಲ್ಕೈದು ದಿನಕ್ಕೆ ಬಿಚ್ಚಿ ಎಣಿಸಿ. 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ. ಇದನ್ನು ಹದ ಬಂದ ದಿನ ಮಾಡಲು ಆಗುವುದಿಲ್ಲ, ಹದಿನೈದು ದಿನ ಮೊದಲೇ ಮಾಡಬೇಕು.

ಬೀಜ ಗಟ್ಟಿಗೊಳಿಸುವುದು: ಹಿಂಗಾರಿ ಜೋಳಕ್ಕೆ ಇದು ಒಳ್ಳೆಯದು. ಒಂದು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಅದರಲ್ಲಿ ಬೀಜವನ್ನು 8 ಗಂಟೆ ನೆನೆಸಿ, ನೆರಳಲ್ಲಿ ಚೆನ್ನಾಗಿ ಆರಿಸಿ ಬಿತ್ತಬೇಕು. ಮೊದಲ ದಿನಗಳಲ್ಲಿ ಒಣ ತಡೆಯಲು ಸಸಿಗೆ ಶಕ್ತಿ ಬರುತ್ತದೆ.

ಕಾಡಿಗೆ ರೋಗಕ್ಕೆ: ಒಂದು ಕಿಲೋ ಬೀಜಕ್ಕೆ 4 ಗ್ರಾಂ ನುಣ್ಣನೆ ಗಂಧಕದ ಪುಡಿ ಸವರಬೇಕು. ಸುಳಿನೊಣಕ್ಕೆ ಬೀಜೋಪಚಾರದ ಔಷಧ ಬೇಕಾದರೆ ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಹಾಕಿ. ಉಪಚಾರ ಮಾಡಿದ ಬೀಜ ಉಳಿದರೆ ತಿನ್ನುವ ಜೋಳದ ಜೊತೆ ಸೇರಿಸಬೇಡಿ, ಕೋಳಿಗೂ ಹಾಕಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಬೀಜದ ಪ್ರಮಾಣ: ಹಿಂಗಾರಿ ಮಳೆಯಾಶ್ರಿತಕ್ಕೆ ಎಕರೆಗೆ 3 ಕಿಲೋ ಸಾಕು. ಮೊಳೆತ ಎರಡು ವಾರಕ್ಕೆ ಅರ್ಧ ಅಡಿಗೆ ಒಂದು ಸಸಿ ಬಿಟ್ಟು ಉಳಿದದ್ದು ಕೀಳಬೇಕು. ಕೀಳಲು ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಒಂದು ಚೊಂಬು ನೀರಿಗೆ ಹತ್ತು ಜನ ಬಾಯಾರಿ ನಿಂತರೆ ಯಾರ ದಾಹವೂ ತೀರುವುದಿಲ್ಲ. ಆಮೇಲೆ ಎರಡು ಮೂರು ಸಲ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿದರೆ ತೇವ ಉಳಿಯುತ್ತದೆ.

ಬೀಜ ನಮ್ಮ ಕಣಜದಲ್ಲೇ ಇದ್ದರೆ

ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಳ್ಳಲೇಬೇಕು. ಉಳಿಸಿ ಬಿತ್ತಿದರೆ ಬೆಳೆ ಒಂದೇ ಸಮ ಬರುವುದಿಲ್ಲ. ಆದರೆ ಮಾಲದಂಡಿಯಂಥ ತಳಿಯ ಬೀಜ ನಾವೇ ಇಟ್ಟುಕೊಳ್ಳಬಹುದು. ಹೊಲದ ಅಂಚು ಬಿಟ್ಟು ನಡುಭಾಗದಲ್ಲಿ, ರೋಗವಿಲ್ಲದ, ಬಿದ್ದಿರದ ದಂಟಿನ ತುಂಬು ತೆನೆಗಳನ್ನು ಬೆಳೆ ನಿಂತಿರುವಾಗಲೇ ಗುರುತು ಮಾಡಿ ಬೇರೆಯಾಗಿ ಕೊಯ್ಯಬೇಕು. ರಾಶಿಯಲ್ಲಿ ಕೈ ಹಾಕಿ ತೆಗೆದದ್ದು ಕಾಳು, ಹೊಲದಲ್ಲಿ ನೋಡಿ ಆರಿಸಿದ್ದು ಬೀಜ. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಒಣಗಿದ ಬೇವಿನ ಎಲೆ ಹಾಕಿ, ಗಾಳಿಯಾಡದ ಪಾತ್ರೆಯಲ್ಲಿ ಇಡಬೇಕು. ಎಕರೆಗೆ 3 ಕಿಲೋ ಅಂದರೆ ಹತ್ತು ಮನೆಯ ಹತ್ತು ಎಕರೆಗೆ 30 ಕಿಲೋ, ಒಂದು ಸಣ್ಣ ಚೀಲ. ಅಷ್ಟು ಬೀಜ ಸಂಘದಲ್ಲಿದ್ದರೆ ಹದ ಬಂದ ದಿನ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.

ಸಂಘದಲ್ಲಿ ನಾವು ಮಾಡಬೇಕಾದ್ದು

ಸಹೋದರಿಯರೇ, ಮಳೆ ನಮ್ಮ ಕೈಲಿಲ್ಲ. ಆದರೆ ಮಳೆ ಬಂದ ದಿನ ಬೀಜ, ದುಡ್ಡು, ಕೂರಿಗೆ ಸಿದ್ಧ ಇರುವುದು ನಮ್ಮ ಕೈಲಿದೆ. ಎರೆ ಹೊಲದ ಹದ ನಾಲ್ಕೈದು ದಿನ, ಮಸಾರಿಯ ಹದ ಇನ್ನೂ ಕಡಿಮೆ. ಅಷ್ಟರಲ್ಲಿ ಅರ್ಜಿ ಬರೆದು, ಸಭೆ ಕರೆದು, ಠರಾವು ಮಾಡಿ, ಬ್ಯಾಂಕಿಗೆ ಹೋಗಿ ದುಡ್ಡು ತರಲು ಸಾಧ್ಯವೇ? ಆದ್ದರಿಂದ ಇವತ್ತು ಐದು ತೀರ್ಮಾನ ಮಾಡೋಣ.

1. ಮುಂಗಾರಿ ಬೀಜದ ಸಾಲದ ಅರ್ಜಿಗಳನ್ನು ಏಪ್ರಿಲ್ ಸಭೆಯಲ್ಲಿ, ಹಿಂಗಾರಿಯದನ್ನು ಆಗಸ್ಟ್ ಮೊದಲ ಸಭೆಯಲ್ಲಿ ಮುಗಿಸಬೇಕು. ‘ಮುಂದಿನ ಸಭೆಗೆ’ ಅನ್ನುವ ಮಾತು ಬೀಜದ ಸಾಲಕ್ಕೆ ಇಲ್ಲ.
2. ಅರ್ಜಿಯಲ್ಲಿ ಬರೀ ‘ಬೀಜ’ ಅಂತ ಬರೆಯಬಾರದು. ಯಾವ ಹೊಲ, ಮಣ್ಣು ಎಷ್ಟು ಆಳ, ಯಾವ ತಳಿ, ಎಷ್ಟು ದಿನದ್ದು, ಮಳೆ ತಡವಾದರೆ ಎರಡನೇ ಬೀಜ ಯಾವುದು, ಇಷ್ಟೂ ಬರೆಯಬೇಕು. ಬರೆಯುವಾಗಲೇ ಅರ್ಧ ಯೋಚನೆ ಆಗುತ್ತದೆ.
3. ಹದ ಬಂದಾಗ ಕೂರಿಗೆ, ಎತ್ತು, ಟ್ರ್ಯಾಕ್ಟರ್ ಯಾರಿಗೆ ಯಾವ ದಿನ ಅಂತ ಮೊದಲೇ ಸರದಿ ಹಾಕಬೇಕು. ಗಂಡಸರಿಲ್ಲದ ಮನೆಯ ಹೊಲ ಈ ಸರದಿಯಲ್ಲಿ ಮೊದಲು ಬರಬೇಕು. ಯಾವಾಗಲೂ ಕೊನೆಗೆ ಬಿತ್ತುವವರು ಅವರೇ, ನಷ್ಟವೂ ಅವರಿಗೇ.
4. ಬೆಳೆ ವಿಮೆಗೆ ಕಂತು ಕಟ್ಟುವ ಕೊನೆ ದಿನ ತಿಳಿದುಕೊಳ್ಳಬೇಕು. 2016ರಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ಆಹಾರ ಬೆಳೆಗೆ ರೈತರ ಪಾಲು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ವಿಮೆಯಲ್ಲಿ ಬರೆಸಿದ ಬೆಳೆ, ಹೊಲದಲ್ಲಿರುವ ಬೆಳೆ, ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಮೂರೂ ಒಂದೇ ಇರಬೇಕು. ಎರಡನೇ ಬೀಜಕ್ಕೆ ತಿರುಗಿದವರು ಇದನ್ನು ಮರೆಯಬಾರದು.
5. ಬಿತ್ತಿದ ದಿನ, ತಳಿಯ ಹೆಸರು, ಬಂದ ಚೀಲ ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸದಸ್ಯೆಯ ಹೆಸರಿನ ಮುಂದೆ ಬರೆದಿಡಬೇಕು. ನಾಲ್ಕು ವರ್ಷ ಬರೆದರೆ ನಮ್ಮೂರಿನ ಹೊಲಕ್ಕೆ ಯಾವ ದಿನ, ಯಾವ ಬೀಜ ಸರಿ ಅನ್ನುವುದನ್ನು ಆ ಪುಸ್ತಕವೇ ಹೇಳುತ್ತದೆ.

ಸಂಶಯ ಬಂದರೆ ಕಿಸಾನ್ ಕಾಲ್ ಸೆಂಟರ್‌ಗೆ 1800-180-1551ಕ್ಕೆ ಫೋನ್ ಮಾಡಿ, ಹಣ ಹತ್ತುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

‘ಬೀಜದ ವಿಷಯ ನಿನಗೇನು ಗೊತ್ತು’ ಅಂತ ಮನೆಯಲ್ಲಿ ಯಾರಾದರೂ ಕೇಳಬಹುದು. ಕೂರಿಗೆಯ ಹಿಂದೆ ನಡೆದು ಸಡ್ಡೆಯಲ್ಲಿ ಕಾಳು ಬಿಡುವ ಕೈ ನಮ್ಮದು. ಸುಳಿ ಒಣಗಿದ್ದನ್ನು ಮೊದಲು ನೋಡುವ ಕಣ್ಣು ನಮ್ಮದು. ರೊಟ್ಟಿ ಬಡಿಯುವ ಕೈಗೆ ಜೊಳ್ಳು ಯಾವುದು, ಗಟ್ಟಿ ಯಾವುದು ತಿಳಿಯುತ್ತದೆ. ಸಾಲ ಇರುವುದೂ ನಮ್ಮ ಹೆಸರಿನಲ್ಲೇ. ಹಾಗಿರುವಾಗ ಯಾವ ಬೀಜ, ಯಾವ ದಿನ ಅನ್ನುವ ಮಾತಿನಲ್ಲಿ ನಮ್ಮ ದನಿಯೂ ಇರಬೇಕು. ಜಗಳ ಮಾಡಬೇಕಾಗಿಲ್ಲ. ನೋಟ್‌ಬುಕ್ ತೆಗೆದು ತೋರಿಸಿ, ದಿನ ಎಣಿಸಿ ತೋರಿಸಿ, ಸಾಕು.

ಆ ಅಕ್ಕ ಇವತ್ತೂ ನಮ್ಮ ನಡುವೆ ಕೂತಿದ್ದಾರೆ. ಈ ಸಲ ಅವರ ಅರ್ಜಿ ಮೊದಲನೆಯದಾಗಿ ಬಂದಿದೆ, ಠರಾವು ಇವತ್ತೇ ಬರೆದು ಸಹಿ ಮಾಡಿ ಏಳೋಣ.